ಶುಕ್ರವಾರದ ನಗೆ ಮೇಷ್ಟ್ರು

ನಮ್ಮ ಭೂಗೋಳ ವಿಭಾಗದಲ್ಲಿ ಶುಕ್ರವಾರ ಮಧ್ಯಾಹ್ನದ ಮೇಲೆ ಪಾಠವಿಲ್ಲ. ನಕ್ಷೆಗಳ ಕೋಣೆಯ ದೊಡ್ಡ ಮೇಜಿನ ಮೇಲಿನ ಸುರುಳಿಗಳನ್ನೆಲ್ಲ ಗೋಡೆಗೆ ಒರಗಿಸಿ, ಚಹಾ ಬಿಸ್ಕತ್ತು ಇಟ್ಟುಕೊಂಡು ಎಲ್ಲರೂ ಕೂರುತ್ತಾರೆ. ಕೆಲಸದ ಮಾತು ಎತ್ತಬಾರದು, ನಾವೆಲ್ಲ ಒಂದೇ ಮನೆಯವರು ಎಂದು ಮುಖ್ಯಸ್ಥರ ಕಟ್ಟಪ್ಪಣೆ. ಅದರಿಂದ ಹುಮ್ಮಸ್ಸು ಬರುತ್ತದಂತೆ. ಆಫೀಸಿನ ಗುಮಾಸ್ತೆ ನಾನು. ಲೋಟ ತೊಳೆಯುವ ಹೊತ್ತಿಗೆ ನಾನೂ ಆ ಮನೆಯವಳೇ.

ಆ ಕೂಟದ ಜೀವ ನಗೆ ಮೇಷ್ಟ್ರು. ತಾತ್ಕಾಲಿಕ ಉಪನ್ಯಾಸಕರು, ವರ್ಷ ವರ್ಷ ಹೊಸ ಆದೇಶ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಸೇರಿದ ಹೊಸದರಲ್ಲಿ ಯಾರದೋ ಒತ್ತಾಯಕ್ಕೆ, ಮುಖ್ಯಸ್ಥರು ಕನ್ನಡಕ ತೆಗೆದು ಒರೆಸುತ್ತ ಮಾತು ಎಳೆಯುವುದನ್ನು ಮೇಷ್ಟ್ರು ಅಣಕ ಮಾಡಿ ತೋರಿಸಿದರು. ಮುಖ್ಯಸ್ಥರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಪ್ರತಿ ಶುಕ್ರವಾರ ಅದೇ ಆಟ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರತಿ ರಜೆಯಲ್ಲೂ ಮೇಷ್ಟ್ರ ಹೆಂಡತಿ ನನಗೆ ಫೋನ್ ಮಾಡಿ, "ಅಕ್ಕಾ, ಆದೇಶ ಬಂತಾ?" ಎಂದು ಕೇಳುತ್ತಿದ್ದಳು. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ.

"ಸಾಕು ಮಾಡಿ ಮೇಷ್ಟ್ರೇ. ಸಲಿಗೆ ಕೊಟ್ಟಷ್ಟೂ ತಲೆ ಮೇಲೆ ಕೂರೋ ಜನ ಇವರು."

"ನಗಿಸಿದೋರನ್ನ ಯಾರಾದ್ರೂ ಕೈ ಬಿಡ್ತಾರಾ ಅಕ್ಕಾ?" ಎಂದರು ಅವರು. ಪಾಪ, ನಿಜವಾಗಿಯೂ ಹಾಗೇ ನಂಬಿದ್ದರು.

ಕೊನೆಗೂ ಒಂದು ಖಾಯಂ ಹುದ್ದೆ ಬಂತು. ವಯಸ್ಸಿನ ಮಿತಿಯ ಪ್ರಕಾರ ಮೇಷ್ಟ್ರಿಗೆ ಅದೇ ಕೊನೆಯ ಅವಕಾಶ. ಸಂದರ್ಶನ ಅದೇ ನಕ್ಷೆ ಕೋಣೆಯಲ್ಲಿ, ಅದೇ ಮೇಜಿನ ಸುತ್ತ. ಹೊರಗಿನಿಂದ ಬಂದ ಒಬ್ಬ ತಜ್ಞರನ್ನು ಬಿಟ್ಟರೆ ಮುಖಗಳೂ ಅವೇ. ಕಡತ ಹಿಡಿದು ನಾನು ಮೂಲೆಯಲ್ಲಿ ನಿಂತಿದ್ದೆ.

ನದಿ ತನ್ನ ಹಳೆಯ ಪಾತ್ರ ಬಿಟ್ಟು ಹೊಸ ದಾರಿ ಹಿಡಿಯುವುದು ಹೇಗೆ ಎಂದು ಮೇಷ್ಟ್ರು ಶುರು ಮಾಡಿದರು. ದಂಡೆ ದಂಡೆ ಅಲೆದು ತಾವೇ ಕಂಡದ್ದು; ಮಾತು ಚೆನ್ನಾಗಿಯೇ ಸಾಗಿತ್ತು. ಅಷ್ಟರಲ್ಲಿ ಬೆವರು ಕಣ್ಣಿಗಿಳಿಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಶುರುವಾಯ್ತು ನೋಡಿ," ಎಂದು ಮುಖ್ಯಸ್ಥರು ಮೇಜು ಬಡಿದರು. ಎಲ್ಲರೂ ಗೊಳ್ಳೆಂದರು.

"ಇಲ್ಲ ಸರ್, ಇದು... ಬೆವರು ಸರ್," ಎಂದರು ಮೇಷ್ಟ್ರು. ನಗೆ ಇನ್ನೂ ಜೋರಾಯಿತು. ಏನೂ ಗೊತ್ತಿಲ್ಲದ ತಜ್ಞರೂ ಗುಂಪಿನಲ್ಲಿ ಗೋವಿಂದ ಎಂದು ನಕ್ಕರು. ಆಮೇಲೆ ನದಿಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಹುದ್ದೆ ಬೇರೊಬ್ಬರಿಗಾಯಿತು. "ಬೇಜಾರ್ ಮಾಡ್ಕೋಬೇಡಿ," ಎಂದು ಮುಖ್ಯಸ್ಥರು ಮೇಷ್ಟ್ರ ಬೆನ್ನು ತಟ್ಟಿದರು. "ಖಾಯಂ ಅಂದ್ಮೇಲೆ ಸ್ವಲ್ಪ ಗಾಂಭೀರ್ಯ ಬೇಕಲ್ವಾ. ನೀವು ಹೀಗೇ ಇದ್ಬಿಡಿ. ನೀವಿಲ್ದೆ ನಮ್ಮ ಶುಕ್ರವಾರ ನಡೆಯುತ್ತಾ?" ಇಂಥವರ ಬಾಯಿಗೆ ಮಣ್ಣು ಹಾಕಬೇಕು ಎನ್ನಿಸಿತು ನನಗೆ.

ಮುಂದಿನ ಶುಕ್ರವಾರ, ಹುದ್ದೆ ಸಿಕ್ಕವರಿಗೆ ಸ್ವಾಗತ ಕೂಟ. "ಹೊಸಬರಿಗೆ ಏನಾದ್ರೂ ಹೊಸದು ತೋರ್ಸಿ," ಎಂದರು ಮುಖ್ಯಸ್ಥರು.

ಮೇಷ್ಟ್ರು ಬಾಗಿಲ ಬಳಿ ಹೋಗಿ ನಿಂತರು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಎದೆಗೆ ಒಂದು ಚೀಲ ಅವುಚಿಕೊಂಡು, ಯಾರೂ ಮಾತಾಡಿಸುವ ಮುಂಚೆಯೇ ಹಲ್ಲು ಬಿಟ್ಟು, ಬೆನ್ನು ಬಗ್ಗಿಸಿ, "ಸರ್, ಈ ವರ್ಷದ ಆದೇಶ..." ಎಂದರು. ಮಾತು ಅಲ್ಲಿಗೇ ನಿಲ್ಲಿಸಿ ಕಾದರು.

ನನಗೆ ಆ ಕ್ಷಣವೇ ಗೊತ್ತಾಯಿತು. ವರ್ಷ ವರ್ಷ ಅವರು ಆ ಬಾಗಿಲಲ್ಲಿ ಹಾಗೇ ಬಂದು ನಿಲ್ಲುವುದನ್ನು ಕಂಡವಳು ನಾನು. ಮೇಜಿನ ಸುತ್ತ ಒಬ್ಬರೂ ನಗಲಿಲ್ಲ.

"ಯಾರಪ್ಪಾ ಇದು? ಗುರುತೇ ಸಿಗ್ತಿಲ್ವಲ್ಲ," ಎಂದರು ಮುಖ್ಯಸ್ಥರು. "ಕಾವಲುಗಾರನಾ?" ಎಂದರು ಒಬ್ಬರು. "ಅಲ್ಲ, ಆ ಪುಸ್ತಕ ಮಾರೋಕೆ ಬರ್ತಾನಲ್ಲ, ಅವನು," ಎಂದರು ಇನ್ನೊಬ್ಬರು.

"ಸಿಗಲ್ಲ ಬಿಡಿ ಸರ್," ಎಂದರು ಮೇಷ್ಟ್ರು.

"ಹೋಗ್ಲಿ, ನಂದೇ ಮಾಡ್ಬಿಡಿ ಮತ್ತೆ."

ಆ ವರ್ಷದ ಆದೇಶ ಇನ್ನೂ ಮುಖ್ಯಸ್ಥರ ಸಹಿಗೆ ಕಾದಿತ್ತು. ಮೇಷ್ಟ್ರು ಚೀಲ ಕೆಳಗಿಟ್ಟು, ಕನ್ನಡಕ ತೆಗೆದು ಒರೆಸತೊಡಗಿದರು. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು.