ಸೂಜಿಯ ಮೇಲೆ ಹೊರಿಸಿದ ಸಾವು

ಮಂಡ್ಯದ ಒಂದು ಕಚೇರಿಯಲ್ಲಿ ಸತ್ತವರನ್ನು ಕೋಷ್ಟಕಕ್ಕೆ ಸೇರಿಸುವುದು ನನ್ನ ಕೆಲಸ. ಹಳ್ಳಿಹಳ್ಳಿಯಿಂದ ಬರುವ ಮರಣ ನೋಂದಣಿಯ ಪಟ್ಟಿಗಳನ್ನು ವಯಸ್ಸು, ಲಿಂಗ, ಕಾರಣ ಎಂದು ವಿಂಗಡಿಸಿ ಮೇಲಿನವರಿಗೆ ಕಳಿಸುತ್ತೇನೆ. ಅವರು ತಮ್ಮ ಮೇಲಿನವರಿಗೆ ಕಳಿಸುತ್ತಾರೆ. ಕೊನೆಗೆ ಅದು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿಲ್ಲ. ಕೇಳಿದರೆ ಅದಕ್ಕೂ ಒಂದು ಕೋಷ್ಟಕ ಮಾಡಲು ಹೇಳಿಯಾರು.

ಈ ಕೆಲಸದಲ್ಲಿ ಅತ್ಯಂತ ಸುಲಭದ್ದು ಅರವತ್ತು ದಾಟಿದವರ ಲೆಕ್ಕ. ಕಾರಣದ ಜಾಗದಲ್ಲಿ ಸಾಮಾನ್ಯವಾಗಿ ಒಂದೇ ಪದ ಇರುತ್ತದೆ: ವಯೋಸಹಜ. ಹಳ್ಳಿಯಲ್ಲಿ ಅರವತ್ತು ದಾಟಿದವರಿಗೆ ರೋಗ ಬರುವುದಿಲ್ಲ, ವಯಸ್ಸು ಮಾತ್ರ ಬರುತ್ತದೆ. ಅರವತ್ತೊಂದರ ಗಟ್ಟಿ ಆಳು ಪಂಪ್‌ಸೆಟ್ಟಿನ ಹತ್ತಿರ ಎದೆ ಹಿಡಿದುಕೊಂಡು ಕುಸಿದರೂ ವಯೋಸಹಜ, ತೊಂಬತ್ತು ದಾಟಿದ ಅಜ್ಜಿ ನಿದ್ದೆಯಲ್ಲಿ ಹೋದರೂ ವಯೋಸಹಜ. ಯಾರೂ ಪ್ರಶ್ನೆ ಕೇಳುವುದಿಲ್ಲ. ಆದರೆ ಕೊರೊನಾದ ಎರಡನೇ ವರ್ಷ ಲಸಿಕೆ ಬಂದದ್ದೇ ತಡ, ನಮ್ಮೂರಿನಲ್ಲಿ ವಯಸ್ಸಾಗಿ ಸಾಯುವ ಪದ್ಧತಿಯೇ ನಿಂತುಹೋಯಿತು. ಎಲ್ಲರೂ ಸೂಜಿಯಿಂದಲೇ ಸಾಯತೊಡಗಿದರು.

ನಮ್ಮೂರು ಮದ್ದೂರಿನಿಂದ ಬೆಸಗರಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿದೆ. ನಾನು ದಿನವೂ ಅಲ್ಲಿಂದಲೇ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿಬರುವವಳು. ಊರಿನ ಮುದುಕರೆಲ್ಲ ಬೆಳಿಗ್ಗೆ ಹಾಲಿನ ಡೈರಿಯ ಮುಂದಿನ ಜಗಲಿಯಲ್ಲಿ ಸೇರುತ್ತಾರೆ. ಹಾಲು ಹಾಕುವುದು ಐದು ನಿಮಿಷದ ಕೆಲಸ, ಮಿಕ್ಕ ಎರಡು ಗಂಟೆ ದೇಶದ ಆಡಳಿತ ನೋಡಿಕೊಳ್ಳುತ್ತಾರೆ. ಅಲ್ಲಿಯ ಹಿರಿಯ ನನ್ನ ದೊಡ್ಡಪ್ಪ. ಎಂಬತ್ತರ ಹತ್ತಿರ ವಯಸ್ಸು, ಗದ್ದೆಗೆ ನೀರು ಕಟ್ಟಲು ಈಗಲೂ ತಾನೇ ಹೋಗುವ ಹಟಮಾರಿ. ಅವನ ಬಲಗೈಯಂತಿದ್ದವರು ಕಂಡಕ್ಟರ್ ಮಾವ. ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷ ಆಗಿದ್ದರೂ ಊರು ಆ ಹೆಸರು ಬಿಟ್ಟಿರಲಿಲ್ಲ, ಅವರೂ ಟಿಕೆಟಿನ ಚರ್ಮದ ಚೀಲ ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ನನ್ನ ಜೊತೆ ಅದೇ ಬಸ್ಸಿನಲ್ಲಿ ಮಂಡ್ಯಕ್ಕೆ ಬಂದು, ಎದೆಯ ಮಾತ್ರೆ ಕೊಂಡು ಆ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ದಾರಿಯುದ್ದಕ್ಕೂ ಈಗಿನ ಕಂಡಕ್ಟರ್‌ಗಳಿಗೆ ಕೆಲಸ ಬರುವುದಿಲ್ಲ ಎಂದು ಗೊಣಗುವುದು ಬೇರೆ.

ಸ್ಕೂಲಿನಲ್ಲಿ ಲಸಿಕೆ ಹಾಕಿದ ದಿನ ಇಬ್ಬರೂ ಒಟ್ಟಿಗೆ ಹೋಗಿ ಹಾಕಿಸಿಕೊಂಡರು. ಹನ್ನೆರಡನೆಯ ದಿನ ಬೆಳಿಗ್ಗೆ ಕಂಡಕ್ಟರ್ ಮಾವ ಕಾಫಿ ಕುಡಿಯುತ್ತ ಕೂತಿದ್ದಲ್ಲೇ ಹೋಗಿಬಿಟ್ಟರು.

ಮಣ್ಣು ಮಾಡಿ ಬರುವಷ್ಟರಲ್ಲಿ ತೀರ್ಪೂ ಆಗಿತ್ತು.

"ಗುಂಡ್ಕಲ್ಲಂಗಿದ್ದ ಮನ್ಸ ಕಣ್ಲಾ. ಸೂಜಿ ಚುಚ್ಚುಸ್ಕೊಂಡ, ಅನ್ನೆರಡ್ ದಿನಕ್ಕೆ ಓದ," ಎಂದ ದೊಡ್ಡಪ್ಪ. "ಇನ್ನೊಂದ್ ಸೂಜಿ ಅಂತೆ. ನಾನಂತೂ ಓಗಕಿಲ್ಲ. ಯಾರೂ ಓಗಬ್ಯಾಡಿ."

ಸಾವಿಗೆ ಬಂದಿದ್ದ ನನ್ನ ಭಾವ, ಅಂದರೆ ಅಕ್ಕನ ಗಂಡ, ಇದಕ್ಕೆ ವೈಜ್ಞಾನಿಕ ತಳಹದಿ ಒದಗಿಸಿದ. ಅವನಿಗೆ ಮಳವಳ್ಳಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೃದಯವೂ ಒಂದು ಬಗೆಯ ಪಂಪು ತಾನೇ ಎಂಬುದು ಅವನ ನಂಬಿಕೆ.

"ನಾ ಸುಮ್ನೆ ಏಳಲ್ಲ ಕಣಮ್ಮ. ಡಾಕ್ಟ್ರೇ ವಿಡಿಯೋದಲ್ಲಿ ಏಳವ್ನೆ, ರಕ್ತ ಎಪ್ಪುಗಟ್ತದೆ ಅಂತ."

"ಯಾವ ಡಾಕ್ಟ್ರು ಭಾವ?"

"ಯಾವ ಡಾಕ್ಟ್ರು ಅಂದ್ರೆ? ಬಿಳೀ ಕೋಟು ಆಕ್ಕಂಡವ್ನೆ."

"ಬಿಳೀ ಕೋಟನ್ನ ದೊಡ್ಡ ಹೋಟ್ಲಲ್ಲಿ ಅಡುಗೆಯವ್ರೂ ಹಾಕ್ಕತಾರೆ."

"ನೀನು ಸರ್ಕಾರದ ಸಂಬಳ ತಿನ್ನೋಳು. ಅಂಗೇ ಮಾತಾಡ್ತೀಯೆ ಬುಡು," ಎಂದು ಅವನು ಆ ವಿಡಿಯೋವನ್ನು ಜಗಲಿಯ ಮೇಲಿದ್ದ ಎಲ್ಲ ಫೋನಿಗೂ ಕಳಿಸಿದ. ಅಕ್ಷರ ಬಾರದವರಿಗೂ ಜ್ಞಾನ ತಲುಪುವ ಕಾಲ ಇದು.

ಆ ವಾರ ಊರಿನಲ್ಲಿ ಇನ್ನೂ ಇಬ್ಬರು ಹಿರಿಯರು ತೀರಿಕೊಂಡರು. ಒಬ್ಬಾಕೆ ವರ್ಷದಿಂದ ಹಾಸಿಗೆ ಹಿಡಿದಿದ್ದವರು, ಲಸಿಕೆ ಹಾಕಿಸಿಕೊಂಡೇ ಇರಲಿಲ್ಲ. ಅವರೂ ಸೂಜಿಯ ಲೆಕ್ಕಕ್ಕೇ ಹೋದರು. ಪಕ್ಕದ ಮನೆಯವರು ಹಾಕಿಸಿಕೊಂಡಿದ್ದರಂತೆ.

ನನಗೆ ರೇಗಿತು. ಬೆಂಗಳೂರಿನಿಂದ ಕೊರೊನಾ ಮತ್ತೆ ಏರಿ ಬರುತ್ತಿತ್ತು. ನಾನು ಅಂಕಿಅಂಶದವಳು, ನನ್ನ ಕೈಯಲ್ಲಿ ಸತ್ಯ ಇದೆ ಎಂಬ ಕೊಬ್ಬು ಬೇರೆ. ಊಟದ ಬಿಡುವಿನಲ್ಲಿ ಕೂತು, ಕೊರೊನಾಗೆ ಮುಂಚಿನ ವರ್ಷಗಳಲ್ಲಿ ಇದೇ ಬೇಸಿಗೆಯ ತಿಂಗಳಲ್ಲಿ ನಮ್ಮೂರಿನಲ್ಲಿ ಎಷ್ಟು ಹಿರಿಯರು ತೀರಿಕೊಂಡಿದ್ದರು ಎಂದು ನೋಡಿದೆ. ಲಸಿಕೆಯೇ ಇಲ್ಲದ ಆ ವರ್ಷಗಳಲ್ಲೂ ಹೆಚ್ಚುಕಡಿಮೆ ಇಷ್ಟೇ ಜನ ಹೋಗಿದ್ದರು. ಅದನ್ನೆಲ್ಲ ಅಂದವಾಗಿ ಗೆರೆ ಹಾಕಿ, ಕೆಂಪು ಶಾಯಿಯಲ್ಲಿ ತಲೆಬರಹ ಬರೆದು, ಭಾನುವಾರ ಬೆಳಿಗ್ಗೆ ಡೈರಿ ಜಗಲಿಗೆ ಹೋದೆ.

"ದೊಡ್ಡಪ್ಪ, ಈಗ ಊರಿನ ವಯಸ್ಸಾದವರೆಲ್ಲ ಹೆಚ್ಚುಕಮ್ಮಿ ಸೂಜಿ ಹಾಕಿಸ್ಕೊಂಡವ್ರೆ. ಇನ್ಮೇಲೆ ಯಾರು ಸತ್ರೂ ಸೂಜಿ ಆದ ಮೇಲೇ ಸಾಯ್ತಾರೆ. ಅದಾದ ಮೇಲೆ ಸತ್ರು ಅಂದ್ರೆ ಅದ್ರಿಂದಲೇ ಸತ್ರು ಅಂತಲ್ಲ. ಸತ್ತವರೆಲ್ಲ ಹಿಂದಿನ ದಿನ ಮುದ್ದೆ ಉಂಡಿದ್ರು. ಮುದ್ದೆಯಿಂದ ಸತ್ರು ಅಂತೀಯಾ?"

ಜಗಲಿ ಗಂಭೀರವಾಯಿತು. ದೊಡ್ಡಪ್ಪ ಹೆಗಲ ಟವೆಲ್ ಕೊಡವಿದ. "ನೋಡು ಮಗ, ಸರ್ಕಾರಕ್ಕೆ ಏನಾರಾ ಅನ್ನು, ನಂಗೇನಾರಾ ಅನ್ನು. ಮುದ್ದೆ ತಂಟೆಗೆ ಬರಬ್ಯಾಡ."

ಅಲ್ಲಿಗೆ ಸಭೆ ಮುಗಿಯಿತು. ನನ್ನ ಕೋಷ್ಟಕವನ್ನು ಡೈರಿಯವನು ಮರ್ಯಾದೆಯಿಂದ ಇಸಿದುಕೊಂಡು, ಅದರ ಹಿಂಬದಿಯಲ್ಲಿ ದನದ ಡಾಕ್ಟರು ಬರುವ ದಿನ ಬರೆದು ಗೋಡೆಗೆ ಅಂಟಿಸಿದ. ನನ್ನ ಸೇವಾವಧಿಯಲ್ಲಿ ನಾನು ತಯಾರಿಸಿದ ಹಾಳೆಗಳಲ್ಲಿ ಜನ ನಿಂತು ಓದಿದ್ದು ಅದೊಂದನ್ನೇ.

ಲಸಿಕೆ ಹಾಕಿಸಿಕೊಂಡ ಕೆಲವೇ ದಿನಗಳಲ್ಲಿ ಯಾರಾದರೂ ಸತ್ತರೆ ಅದನ್ನು ವಿಚಾರಿಸಿ ವರದಿ ಮಾಡಬೇಕೆಂಬ ನಿಯಮವಿದೆ. ಲಸಿಕೆಯಿಂದ ಅಪರೂಪಕ್ಕೆ ಕೆಲವರಿಗೆ ತೊಂದರೆ ಆಗುವುದೂ ಉಂಟು, ಅದು ತಿಳಿಯಬೇಕಾದರೆ ಒಂದೊಂದನ್ನೂ ಕೇಳಿಯೇ ತಿಳಿಯಬೇಕು. ಹಾಗಾಗಿ ಒಂದು ದಿನ ಜೀಪಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು, ಅವರ ಜೊತೆ ಫಾರಂ ಹಿಡಿದ ಸಹಾಯಕ ಒಬ್ಬ ಕಂಡಕ್ಟರ್ ಮಾವನ ಮನೆಗೆ ಬಂದರು. ನಮ್ಮವಳೂ ಒಬ್ಬಳಿರಲಿ ಎಂದು ದೊಡ್ಡಪ್ಪ ನನ್ನಿಂದ ರಜೆ ಹಾಕಿಸಿದ. ತಾನು ನಡುಮನೆಯ ಬಾಗಿಲಿಗೆ ಒರಗಿ, ಸಾಕ್ಷಿ ಹೇಳಲು ಸಿದ್ಧನಾಗಿ ನಿಂತ.

ಕಂಡಕ್ಟರ್ ಮಾವನ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತೇನೆ. ಅತ್ತೆ ಚಾಪೆಯ ಮೇಲೆ ಕೂತಿದ್ದರು.

"ಮುಂಚೆ ಏನಾದ್ರೂ ಕಾಯಿಲೆ ಇತ್ತಾ ಅಜ್ಜಿ? ದಿನಾ ಮಾತ್ರೆ ತಗೋತಿದ್ರಾ?" ಎಂದು ಡಾಕ್ಟರಮ್ಮ ಕೇಳಿದರು.

"ಇಲ್ಲ ಕಣವ್ವ. ಸೆಂದಾಗೇ ಇದ್ರು. ಮಾತ್ರೆ ಗೀತ್ರೆ ಏನಿಲ್ಲ."

ಸಹಾಯಕ ಬರೆದುಕೊಂಡ. ಅತ್ತೆ ನನ್ನ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದರು. ತಿಂಗಳು ತಿಂಗಳು ಆ ಮಾತ್ರೆಯ ಚೀಲದ ಪಕ್ಕದಲ್ಲೇ ಕೂತು ಮಂಡ್ಯಕ್ಕೆ ಹೋಗಿದ್ದ ನನಗೆ ನಾಲಿಗೆಯ ತುದಿಗೆ ಮಾತು ಬಂತು. ವಾದದಲ್ಲಿ ಗೆಲ್ಲಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಕೋಷ್ಟಕಕ್ಕೆ ಆದ ಅವಮಾನವೂ ತೀರುತ್ತಿತ್ತು. ಅಷ್ಟರಲ್ಲಿ ಅತ್ತೆ, "ಬಾರವ್ವ, ಕಾಪಿ ಕೊಡಾನ ಇವ್ರಿಗೆ," ಎಂದು ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಅಡುಗೆಮನೆಗೆ ಕರೆದೊಯ್ದರು.

ಒಲೆಯ ಮೇಲೆ ನೀರಿಟ್ಟರು. ಪುಡಿ ಹಾಕಲಿಲ್ಲ.

"ನೀನು ಬಾಯಿ ಬುಡಬ್ಯಾಡ ಕಣವ್ವ."

"ಅತ್ತೆ, ಮಾವ ಮಾತ್ರೆ ತಗೋತಿದ್ದದ್ದು ನಂಗೊತ್ತು."

"ತಕ್ಕತಿದ್ರು. ಸೂಜಿ ಆಕುಸ್ಕೊಂಡ್ ಬಂದ ದಿನದಿಂದ ಬುಟ್ರು. 'ಅಷ್ಟ್ ದೊಡ್ಡ ಸೂಜಿ ಕೊಟ್ಟವ್ರೆ, ಎಲ್ಲದ್ಕೂ ಅದೇ ಸಾಕು, ಇನ್ನ್ಯಾಕೆ ಈ ಮಾತ್ರೆ' ಅಂದ್ರು. ಒಂದಿನ ಬೈದೆ. ಎಲ್ಡನೇ ದಿನಾನೂ ಬೈದೆ. ಆಮ್ಯಾಕೆ ನಂಗೂ ಸಾಕಾಯ್ತು, ಆಳಾಗ್ ಓಗ್ಲಿ ಅಂತ ಸುಮ್ಕಾದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಅಷ್ಟ್ ವರ್ಸದಿಂದ ದಿನಾ ಬೆಳಗ್ಗೆ ಅವ್ರ ಅಂಗೈಗೆ ಮಾತ್ರೆ ಇಡ್ತಿದ್ದೋಳು ನಾನು ಕಣವ್ವ. ಆ ಅನ್ನೆರಡ್ ದಿನ ಇಡ್ಲಿಲ್ಲ."

ನಾನು ಲೋಟಗಳನ್ನು ತೊಳೆದು ಸಾಲಾಗಿ ಇಟ್ಟೆ.

"ಸೂಜಿಯಿಂದ ಓದ್ರು ಅಂತ ಊರೇ ಅಂತದೆ. ಅನ್ಲಿ ಬುಡು. ಸೂಜಿಗೇನು ನೋವಾಯ್ತದಾ?"

ವರ್ಷಗಟ್ಟಲೆ ಸಾವಿನ ಕಾರಣಗಳನ್ನು ಬರೆದವಳು ನಾನು. ಆ ಜಾಗದಲ್ಲಿ ಬರೆಯುವ ಪದ ಒಂದು ಮನೆಯಲ್ಲಿ ಯಾರ ಎದೆಯ ಮೇಲೆ ಕೂರುತ್ತದೆ ಎಂದು ಯೋಚಿಸಿದ್ದೇ ಇಲ್ಲ. ಮುದ್ದೆಯ ಉದಾಹರಣೆ ಕೊಟ್ಟು ಬೀಗಿದ್ದು ನೆನೆದು ನಾಚಿಕೆಯಾಯಿತು. ಹಾಗೆಂದು ಸುಮ್ಮನಿರಲೂ ಆಗಲಿಲ್ಲ.

"ಸೂಜಿಗೆ ನೋವಾಗಲ್ಲ ಅತ್ತೆ," ಎಂದೆ. "ಆದ್ರೆ ಮಾವನ ಹೆಸರು ಹೇಳ್ಕೊಂಡು ದೊಡ್ಡಪ್ಪ ಎರಡನೇದು ಹಾಕಿಸ್ಕೊಳ್ಳಲ್ಲ ಅಂತ ಕೂತವ್ನೆ. ಅವನ ಜೊತೆ ಜಗಲಿಯೆಲ್ಲ ಕೂತದೆ. ಕಾಯಿಲೆ ಮದ್ದೂರಿಗೆ ಬಂದಾಯ್ತು. ನಾನಂತೂ ಹೇಳಲ್ಲ. ಹೇಳೋದು ಬಿಡೋದು ನಿಮ್ಮಿಷ್ಟ."

ಅತ್ತೆ ಕುದಿಯುವ ನೀರಿನ ಉರಿ ತಗ್ಗಿಸಿದರು. ಆಮೇಲೆ ಪುಡಿ ಹಾಕಿದರು, ಬೆಲ್ಲ ಹಾಕಿದರು, ಸೋಸಿದರು. ಲೋಟಗಳನ್ನು ನನ್ನ ಕೈಗೆ ಕೊಟ್ಟು, ಗೂಟಕ್ಕೆ ನೇತು ಹಾಕಿದ್ದ ಟಿಕೆಟಿನ ಚೀಲ ತೆಗೆದುಕೊಂಡು ನಡುಮನೆಗೆ ಹೋಗಿ ಡಾಕ್ಟರಮ್ಮನ ಮುಂದೆ ಸುರಿದರು. ತುಂಬಿದ ಮಾತ್ರೆಯ ಪಟ್ಟಿಗಳು ಚಾಪೆಯ ಮೇಲೆ ಬಿದ್ದವು.

"ಸುಳ್ ಏಳ್ದೆ ಕಣವ್ವ. ಎದೆ ಕಾಯ್ಲೆ ಇತ್ತು. ಇವ್ನ ತಕ್ಕಳಾದು ಬುಟ್ಟಿದ್ರು. ನಾನೂ ಕೊಡ್ಲಿಲ್ಲ."

ಡಾಕ್ಟರಮ್ಮ ಮಾತ್ರೆಯ ಹೆಸರು ನೋಡಿಕೊಂಡರು. ಹಳೆಯ ಚೀಟಿಗಳನ್ನು ಕೇಳಿ ಪಡೆದರು. ಬೈಯುತ್ತಾರೆಂದು ನಾನು ಕಾದಿದ್ದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಅಜ್ಜಿ, ಅವರ ಎದೆ ಮೊದಲೇ ಬಹಳ ಸೋತಿತ್ತು. ಮಾತ್ರೆ ತಗೊಂಡಿದ್ರೂ ಉಳೀತಿದ್ರು ಅಂತ ನಾನು ಹೇಳೋಕಾಗಲ್ಲ. ಬಿಟ್ಟಿದ್ದಕ್ಕೇ ಹೋದ್ರು ಅಂತಲೂ ಹೇಳೋಕಾಗಲ್ಲ. ನೀವು ನಿಜ ಹೇಳಿದ್ದು ಒಳ್ಳೇದಾಯ್ತು," ಎಂದರು. ಸಹಾಯಕ ಮೊದಲು ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆಯತೊಡಗಿದ.

ಬಾಗಿಲಲ್ಲಿ ದೊಡ್ಡಪ್ಪ ಇರಲಿಲ್ಲ. ಆಮೇಲೆ ನಾನು ಅವನ ಮನೆಗೆ ಹೋಗಿ ನೋಡಿದರೆ, ದೇವರ ಗೂಡಿನ ಹಿಂದೆ ಬಚ್ಚಿಟ್ಟಿದ್ದ ತನ್ನ ಬೀಪಿ ಮಾತ್ರೆ ಹುಡುಕುತ್ತಿದ್ದ. ಇಬ್ಬರು ಗೆಳೆಯರೂ ಸೂಜಿ ಹಾಕಿಸಿಕೊಂಡ ದಿನವೇ ಮಾತ್ರೆ ಬಿಡುವ ಒಂದೇ ತೀರ್ಮಾನಕ್ಕೆ ಬಂದಿದ್ದರು ಎಂಬುದು ನಮಗೆ ಆಗ ಗೊತ್ತಾಯಿತು. ನನ್ನನ್ನು ಕಂಡು, "ಏನ್ ನೋಡ್ತೀಯೆ, ನೀರು ಕೊಡು," ಎಂದ.

ಎರಡನೇ ಸುತ್ತಿನ ಲಸಿಕೆಗೆ ದೊಡ್ಡಪ್ಪ ಹೋದ. ನನ್ನ ಮಾತಿಗಲ್ಲ, ಸರ್ಕಾರದ ಮಾತಿಗಂತೂ ಅಲ್ಲ. ಸ್ಕೂಲಿನಲ್ಲಿ ಒಳ್ಳೆ ಫ್ಯಾನು ಹಾಕಿದ್ದಾರೆ, ಸೆಕೆಯಲ್ಲಿ ಒಂದಿಷ್ಟು ಹೊತ್ತು ಕೂತು ಬರುತ್ತೇನೆ ಎಂದು ಜಗಲಿಗೆ ಹೇಳಿ ಹೋದ. ಜಗಲಿಗೂ ಸೆಕೆಯಾಗಿತ್ತು, ಹಿಂದೆ ಹೋಯಿತು. ಎರಡು ದಿನ ಜ್ವರ ಬಂದು ತೋಳು ನೋವೆಂದು ನರಳಿ, ಅದನ್ನು ನಾನೇ ತಂದುಕೊಟ್ಟೆನೆಂಬಂತೆ ನನ್ನನ್ನು ಬೈದ. ಮಳವಳ್ಳಿಯ ಭಾವ ತನ್ನ ಬೀದಿಯಲ್ಲಿ ಕಾಯಿಲೆ ಕಾಣಿಸಿಕೊಂಡ ಮರುದಿನವೇ ಸರದಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಚುಚ್ಚಿಸಿಕೊಂಡು, ಫೋಟೋ ತೆಗೆಸಿ, ವಿಡಿಯೋ ಕಳಿಸಿದ್ದ ಫೋನುಗಳಿಗೇ ಅದನ್ನೂ ಕಳಿಸಿದ. ಫೋನು ಮಾಡಿ ಕೇಳಿದರೆ, "ನಾನ್ ಮೊದ್ಲಿಂದ್ಲೂ ಅದ್ನೇ ಏಳ್ತಿರಾದು," ಎಂದ.

ಕಂಡಕ್ಟರ್ ಮಾವನ ಸಾವಿಗೂ ಲಸಿಕೆಗೂ ಸಂಬಂಧವಿಲ್ಲ ಎಂಬ ವರದಿ ಬರುವಷ್ಟರಲ್ಲಿ ಬಹಳ ತಿಂಗಳು ಕಳೆದಿದ್ದವು. ಅಷ್ಟು ಹೊತ್ತಿಗೆ ಜಗಲಿ ಬೇರೆ ವಿಷಯಕ್ಕೆ ಹೋಗಿತ್ತು, ಯಾರೂ ಕೇಳಲಿಲ್ಲ. ನಾನು ಮಾತ್ರ ಗುರುತಿದ್ದವರ ಹತ್ತಿರ ವಿಚಾರಿಸಿಕೊಂಡು, ಸಂಜೆ ಬಸ್ಸಿಳಿದು ಸೀದಾ ಅತ್ತೆಯ ಮನೆಗೆ ಹೋದೆ. ಅವರು ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ವಿಷಯ ಹೇಳಿದೆ.

"ನಾ ಮಾತ್ರೆ ಕೊಡ್ಲಿಲ್ಲ ಅಂತ ಬರ್ದವ್ರಾ?"

"ಇಲ್ಲ ಅತ್ತೆ. ಮೊದಲೇ ಹೃದಯದ ಕಾಯಿಲೆ ಇತ್ತು ಅಂತ ಅಷ್ಟೇ ಬರೆದವ್ರೆ."

ಅತ್ತೆ ತಲೆಯಾಡಿಸಿದರು. ಅವರಿಗೆ ಸಮಾಧಾನವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಮೊರವನ್ನು ನನ್ನ ಕಡೆ ಸರಿಸಿ, "ಸುಮ್ಕೆ ಕುಂತಿದ್ದೀಯಲ್ಲ, ನೀನೂ ಬುಡ್ಸು. ಸಾರು ಮಾಡ್ತೀನಿ, ಉಂಡ್ಕಂಡ್ ಓಗುವಂತೆ," ಎಂದರು.