ಕೈ ಎತ್ತಿದರೆ ನಿಲ್ಲುವ ಲಾಲಮ್ಮ

ಶಹಾಪುರದ ಡಾಕ್ಟರ್ ಗೌಹರಬೇಗಂ ಅವರ ಹಲ್ಲಿನ ದವಾಖಾನೆಗೆ ಒಮ್ಮೆ ಹೋದವರು ಲಾಲಮ್ಮನನ್ನು ಮರೆಯುವುದಿಲ್ಲ. ರಾಮಸಮುದ್ರದ ಕೂಲಿಕಾರರ ಮನೆಯ ಮಗಳು. ಕಾಲುವೆ ತೋಡುವ ಕಾಲದಲ್ಲಿ ಅವಳ ತಾಯಿ ಬುಟ್ಟಿಗಟ್ಟಲೆ ಮಣ್ಣು ಹೊತ್ತವಳು. ಮಗಳು ಗುಲಬರ್ಗಾದಲ್ಲಿದ್ದು ಹಲ್ಲು ಶುಚಿಗೊಳಿಸುವ ವಿದ್ಯೆಯನ್ನು ಕಲಿತು ಬಂದಳು. ಪರಶಿವನು ಕೆಲವರ ಕೈಗೆ ಜಪಮಾಲೆಯನ್ನು ಕೊಡುತ್ತಾನೆ. ಈ ಮಗಳ ಕೈಗೆ ಹಲ್ಲಿನ ಗಾರೆ ಕೆರೆಯುವ ಸಣ್ಣದೊಂದು ಕೊಕ್ಕೆಯನ್ನು ಕೊಟ್ಟ. ಎರಡರಿಂದಲೂ ಅವನ ಸೇವೆಯೇ ನಡೆಯುತ್ತದೆಂದು ನಾನು ಮನಸಾರೆ ನಂಬಿದ್ದೇನೆ.

ಅವಳ ಕೈ ಹಗುರವೆಂದು ಇಂದು ಎಲ್ಲರೂ ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಅವಳು ತಲೆತಗ್ಗಿಸಿ, "ಮೊದಲ ಹಿಂಗಿರಲಿಲ್ರಿ. ಶಿರವಾಳದ ಖಂಡಪ್ಪ ಕಾಕಾನ್ನ ಕೇಳ್ರಿ" ಎನ್ನುತ್ತಾಳೆ.

ಖಂಡಪ್ಪ ಸನಾದಿ ನುಡಿಸುವವನು. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಅವನ ಸನಾದಿಯಿಲ್ಲದೆ ಅಕ್ಷತೆ ಬೀಳುತ್ತಿರಲಿಲ್ಲ. ಶುದ್ಧಿಯ ಮೇಲಿನ ಶ್ರದ್ಧೆಯಿಂದ ಅವನು ಮೂವತ್ತು ವರ್ಷ ಇಟ್ಟಂಗಿ ಪುಡಿಗೆ ಉಪ್ಪು ಬೆರೆಸಿ ಹಲ್ಲು ತಿಕ್ಕಿದ. ಹಲ್ಲು ಸವೆದು ತಣ್ಣೀರು ತಾಗಿದರೂ ಜುಮ್ಮೆನ್ನತೊಡಗಿತು. ಜುಮ್ಮೆನ್ನುವ ಕಡೆ ತಿಕ್ಕುವುದನ್ನೇ ಬಿಟ್ಟ. ಅಲ್ಲಿ ಕೊಳೆ ಗಟ್ಟಿಯಾಗಿ, ಗಾರೆ ಕಲ್ಲಿನಂತೆ ಕಟ್ಟಿತು.

ಶಿರವಾಳದಲ್ಲಿ ಹಲ್ಲು ತಪಾಸಣೆಯ ಶಿಬಿರ ನಡೆದ ದಿನ ಅವನೂ ಬಂದು ಕುಳಿತ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಲಾಲಮ್ಮ ಗಾರೆ ತೆಗೆಯುವ ಯಂತ್ರ ಹಿಡಿದಳು. ಅದರಿಂದ ಚಿಮ್ಮಿದ ತಣ್ಣೀರು ಸವೆದ ಹಲ್ಲಿಗೆ ಬಡಿದಾಗ ಖಂಡಪ್ಪ ಒದರಿ ಕುರ್ಚಿಯಲ್ಲೇ ಹಾರಿಬಿದ್ದ. ಲಾಲಮ್ಮ ಕೈ ನಿಲ್ಲಿಸಲಿಲ್ಲ.

"ಸುಮ್ಮ ಕೂಡ್ರಿ ಕಾಕಾ! ಇನ್ನೂ ನಲವತ್ತು ಮಂದಿ ಅದಾರ!"

ಖಂಡಪ್ಪ ಅವಳ ಕೈ ತಳ್ಳಿ, ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಮನೆಗೆ ಓಡಿದ. ಉಳಿದ ನಲವತ್ತು ಮಂದಿಯೂ ಎದ್ದು ಹೋದರು.

ಮರುವರ್ಷ ಅವನ ಹೆಂಡತಿ ಕರೆಮ್ಮ ಒಬ್ಬಳೇ ದವಾಖಾನೆಗೆ ಬಂದಳು. ಖಂಡಪ್ಪನ ಕೆಳಗಿನ ಮುಂದಿನ ಎರಡು ಹಲ್ಲು ಅಲುಗಾಡುತ್ತಿದ್ದವಂತೆ. ಆ ಹಲ್ಲುಗಳ ಆಸರೆಯಿಲ್ಲದೆ ತುಟಿ ಬಿಗಿಯದು. ತುಟಿ ಬಿಗಿಯದೆ ಸನಾದಿ ನುಡಿಯದು.

"ಎರಡ ಲಗ್ನಾ ಬಿಟ್ಟಾರ್ರಿ. ಊದಿದ್ರ ಗಾಳಿ ಹೊಕ್ಕು ಹಲ್ಲ ಜುಮ್ ಅಂತಾವಂತ. ದವಾಖಾನಿಗೆ ನಡೀರಿ ಅಂದ್ರ ಮಾರಿ ತಿರುವಿ ಮಲಗ್ತಾರ."

ಡಾಕ್ಟರ್ ಗೌಹರಬೇಗಂ ಲಾಲಮ್ಮನ ಮುಖ ನೋಡಿದರು. ಗಾರೆ ತೆಗೆಯದಿದ್ದರೆ ಆ ಹಲ್ಲುಗಳು ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅದೇ ಭಾನುವಾರ ಲಾಲಮ್ಮ ಬಸ್ಸು ಹತ್ತಿ ಶಿರವಾಳಕ್ಕೆ ಹೋದಳು. ಅವಳನ್ನು ಕಂಡೊಡನೆ ಕಟ್ಟೆಯ ಮೇಲಿದ್ದ ಖಂಡಪ್ಪ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

"ಬಾಯಿ ನೋಡಾಕ ಬಂದಿಲ್ರಿ ಕಾಕಾ, ತಪ್ಪಾತು ಅನ್ನಾಕ ಬಂದೀನಿ. ಅವತ್ತು ನೀವು ಒದರಾಕತ್ತಿದ್ರೂ ನಾ ನಿಲ್ಲಿಸಲಿಲ್ಲ."

ತನಗಿಂತ ಹೆಚ್ಚು ಓದಿದವಳೊಬ್ಬಳು ಹಾಗೆ ಕೈ ಮುಗಿದು ನಿಂತದ್ದನ್ನು ಅವನು ಎಂದೂ ಕಂಡಿರಲಿಲ್ಲ. ಕೈ ಮೆಲ್ಲಗೆ ಬಾಯಿಂದ ಇಳಿಯಿತು. "ಅದಿರಲಿ ಯವ್ವ. ಆ ಗಾರಿನೇ ಹಲ್ಲ ಹಿಡಕೊಂಡು ಕುಂತದ. ಅದನ್ನ ಕಿತ್ತರ ಹಲ್ಲೂ ಬೀಳ್ತಾವ."

"ಕಾಲುವಿ ಹೂಳು ತೆಗದ್ರ ಒಡ್ಡು ಬೀಳ್ತದೇನ್ರಿ? ಹೂಳು ಬಿಟ್ರನ ಒಡ್ಡು ಒಡೀತದ."

ಒಳಗಿನಿಂದ ಕರೆಮ್ಮನ ದನಿ ಬಂತು: "ನಾ ಐದು ಮಕ್ಕಳನ್ನ ಹಡದೀನಿ. ಈ ಮನಷ್ಯಾ ಒಂದ ಹಲ್ಲಿಗೆ ಒದರಿದಷ್ಟು ನಾ ಐದಕ್ಕೂ ಸೇರಿ ಒದರಿಲ್ಲ!"

ಅಂದು ಲಾಲಮ್ಮ ಒಂದು ಮಾತು ಕೊಟ್ಟಳು: ಅವನು ಕೈ ಎತ್ತಿದ ಕ್ಷಣವೇ ತಾನು ನಿಲ್ಲಿಸುವುದಾಗಿ. ಜುಮ್ಮೆನ್ನುವುದನ್ನು ತಗ್ಗಿಸುವ ಪೇಸ್ಟು ಕೊಟ್ಟು, ಇಟ್ಟಂಗಿ ಪುಡಿ ಬಿಡಿಸಿ, ಎರಡು ವಾರ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಲು ಹೇಳಿ ಹೋದಳು.

ಎರಡು ವಾರದ ಮೇಲೆ ಖಂಡಪ್ಪ ದವಾಖಾನೆಗೆ ಬಂದು ಕುರ್ಚಿಯ ಎರಡೂ ಕೈಗಳನ್ನು ಬಿಗಿಹಿಡಿದು ಕುಳಿತಿದ್ದ. ಲಾಲಮ್ಮ ನೀರನ್ನು ಕಾಯಿಸಿ, ತನ್ನ ಮಣಿಕಟ್ಟಿನ ಮೇಲೆ ಹನಿಸಿ ನೋಡಿದಳು. ಹಸುಗೂಸಿನ ಹಾಲನ್ನು ತಾಯಂದಿರು ನೋಡುವುದು ಹೀಗೆಯೇ. ವಸಡಿಗೆ ಜೋಮು ಹಿಡಿಸುವ ಮುಲಾಮು ಸವರಿ ಕಾದಳು. ಯಂತ್ರವನ್ನು ಪಕ್ಕಕ್ಕಿಟ್ಟು ಕೊಕ್ಕೆ ಹಿಡಿದಳು. ಬಾಯಿಯ ಕಾಲುಭಾಗ ಮಾತ್ರ ಅಂದಿನ ಕೆಲಸ.

ಖಂಡಪ್ಪ ಕೈ ಎತ್ತಿದ. ಲಾಲಮ್ಮ ನಿಂತಳು. ಬೆಚ್ಚನೆಯ ನೀರಿನಿಂದ ಬಾಯಿ ಮುಕ್ಕಳಿಸಿ ಅವನು ಮತ್ತೆ ಒರಗಿದ. ಎರಡು ಗೀರು ಎಳೆಯುವಷ್ಟರಲ್ಲಿ ಮತ್ತೆ ಕೈ. ಮತ್ತೆ ನಿಂತಳು. ಹೊರಗೆ ರೋಗಿಗಳು ಹೆಚ್ಚುತ್ತಿದ್ದರು. ಏಳನೆಯ ಸಲ ಕೈ ಎದ್ದಾಗ ಲಾಲಮ್ಮ ಬಾಗಿ ಕೇಳಿದಳು:

"ಭಾಳ ಬ್ಯಾನಿ ಆತೇನ್ರಿ ಕಾಕಾ?"

"ಇಲ್ಲವ್ವ. ಎರಡ ಸಲ ಅಷ್ಟ ಜುಮ್ ಅಂತು. ಉಳದಿದ್ದು... ಖರೇನ ನಿಲ್ಲಸ್ತಿಯೋ ಇಲ್ಲೋ ನೋಡಿದೆ."

ಜೊತೆಗೆ ಬಂದಿದ್ದ ಕರೆಮ್ಮ ಹಣೆ ಬಡಿದುಕೊಂಡಳು. "ಅಯ್ಯ, ಆ ಹುಡಿಗಿ ಜೀವಾ ತಿನ್ನಾಕತ್ತೀರಲ್ರಿ!"

ಲಾಲಮ್ಮ ಸಿಟ್ಟಾಗಲಿಲ್ಲ. "ನೋಡ್ರಿ ಕಾಕಾ, ಎಷ್ಟ ಸಲ ಬೇಕಾದ್ರೂ ನೋಡ್ರಿ" ಎಂದು ಕೊಕ್ಕೆಯನ್ನು ತಟ್ಟೆಯಲ್ಲಿಟ್ಟು ಕೈಕಟ್ಟಿ ನಿಂತಳು.

ಬಂಧುಗಳೇ, ನೊಂದ ಜೀವವು ನಮ್ಮನ್ನು ಪರೀಕ್ಷಿಸುವಾಗ ಎಷ್ಟು ಬೇಗ ನಮ್ಮ ತಾಳ್ಮೆ ಬತ್ತುತ್ತದೆ! ಒಮ್ಮೆ ಕ್ಷಮೆ ಬೇಡಿದರೆ ಋಣ ತೀರಿತೆಂದುಕೊಳ್ಳುತ್ತೇವೆ. ಈ ಮಗಳು ಏಳು ಸಲ ನಿಂತಳು, ಎಂಟನೆಯದಕ್ಕೂ ಸಿದ್ಧಳಾಗಿದ್ದಳು. ಎಂಟನೆಯದು ಬರಲಿಲ್ಲ. ಖಂಡಪ್ಪನ ಬೆರಳುಗಳು ಕುರ್ಚಿಯ ಕೈಗಳಿಂದ ಸಡಿಲಿ ಹೊಟ್ಟೆಯ ಮೇಲೆ ಬಂದು ಕುಳಿತವು.

ಹಾಗೆ ವಾರಕ್ಕೊಂದರಂತೆ ನಾಲ್ಕು ಸಲ ನಡೆಯಿತು. ಅಲುಗುವ ಎರಡು ಹಲ್ಲುಗಳ ಸರದಿ ಕೊನೆಯದು. ಗಾರೆಯ ಚೂರು ತಟ್ಟೆಗೆ ಬಿದ್ದ ಸದ್ದಿಗೆ ಅವನು ಕಣ್ಣು ತೆರೆದು, ಹಲ್ಲೇ ಬಿತ್ತೆಂದು ಗಾಬರಿಯಿಂದ ನಾಲಗೆಯಿಂದ ತಡವಿಕೊಂಡ. ಎರಡೂ ಇದ್ದವು.

ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಯಾರೂ ಕರೆಯದೆ ಖಂಡಪ್ಪನೇ ದವಾಖಾನೆಗೆ ಬಂದ. ಸುರಪುರದ ಲಗ್ನವೊಂದರಲ್ಲಿ ಎರಡು ತಾಸು ಸನಾದಿ ನುಡಿಸಿದನೆಂದು ಬಾಗಿಲಲ್ಲೇ ಸಾರಿದ. ಲಾಲಮ್ಮ ಬೆರಳಿನಿಂದ ಹಲ್ಲುಗಳನ್ನು ಒತ್ತಿ ನೋಡಿದಳು.

"ಒಂದು ಗಟ್ಟಿ ಕುಂತದ್ರಿ. ಇನ್ನೊಂದು ಇನ್ನೂ ಸ್ವಲ್ಪ ಅಲಗ್ತದ. ಸುಳ್ಳು ಹೇಳಂಗಿಲ್ರಿ, ಅದು ಎಷ್ಟ ದಿನ ಇರ್ತದೋ ಗೊತ್ತಿಲ್ಲ. ಆರಾರು ತಿಂಗಳಿಗೊಮ್ಮೆ ಸ್ವಚ್ಛ ಮಾಡಿಸಿದ್ರ ಭಾಳ ದಿನ ಬಾಳ್ತದ."

"ಆರು ತಿಂಗಳಿಗೆ ಯಾವ ತಾರೀಖ ಬೀಳ್ತದ ನೋಡವ್ವ" ಎಂದ ಖಂಡಪ್ಪ. "ಆವತ್ತ ಯಾರ ಲಗ್ನಾನೂ ಒಪ್ಪಂಗಿಲ್ಲ."