ಇಲೋನಾ ನೇನಿಯ ಹನ್ನೊಂದು ಹೂ

ನಾನು ಕೊಟ್ಟ ಹನ್ನೆರಡು ಗುಲಾಬಿಗಳಲ್ಲಿ ಒಂದನ್ನು ಎಳೆದು ಅವರು ನನ್ನ ಕೈಗೇ ವಾಪಸು ಕೊಟ್ಟರು. ನಾನು ಕುವೈತ್‌ಗೆ ಬಂದು ಮೂರು ವಾರವಾಗಿತ್ತು. ಫರ್ವಾನಿಯಾದ ನಮ್ಮ ಕಟ್ಟಡದಲ್ಲಿ ಮೊದಲ ಬಾರಿಗೆ ಒಬ್ಬರು ಊಟಕ್ಕೆ ಕರೆದಿದ್ದರು. ಬಾಗಿಲಲ್ಲೇ ಹೀಗಾದರೆ ಒಳಗೆ ಹೇಗೋ ಎಂದು ಕಾಲು ಹಿಂದೆ ಸರಿಯಿತು.

"ನಮ್ಮ ದೇಶದಲ್ಲಿ ಸಮಸಂಖ್ಯೆಯ ಹೂ ಸತ್ತವರಿಗೆ," ಎಂದು ಅವರು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. "ನನಗಿನ್ನೂ ಹೊರಡುವ ಅವಸರವಿಲ್ಲ. ಹನ್ನೊಂದು ನನಗೆ, ಈ ಒಂದು ನಿನಗೆ. ಯಲ್ಲಾ, ನಡೆ, ಒಳಗೆ ಬಾ."

ಅವರ ಹೆಸರು ಇಲೋನಾ. ಹಂಗೇರಿಯವರು, ನಮ್ಮ ಕೆಳಗಿನ ಮನೆಯಲ್ಲಿದ್ದರು. ಮೂವತ್ತು ವರ್ಷದಿಂದ ಇಲ್ಲಿ ಫಿಸಿಯೋಥೆರಪಿಸ್ಟ್. ಅವರ ದೇಶದವರು ‘ಇಲೋನಾ ನೇನಿ’ ಎನ್ನುತ್ತಿದ್ದರು. ನೇನಿ ಎಂದರೆ ಹಿರಿಯ ಹೆಂಗಸು, ನಮ್ಮ ಇಗರ್ಜಿಯ ಕಡೆ ಹೆಸರಿಗೆ ‘ಬಾಯಿ’ ಸೇರಿಸಿ ಲಿಲ್ಲಿಬಾಯಿ ಎಂದು ಕರೆದ ಹಾಗೆ. ನಮ್ಮ ಕರಾವಳಿಯವರಿಗೆ ಕುವೈತ್‌ನಲ್ಲಿ ಸಂಘಗಳಿಗೆ ಬರವಿಲ್ಲ; ಊರಿಗೊಂದು, ಜಗಳವಾದರೆ ಎರಡು. ಹಂಗೇರಿಯವರದು ಬೆರಳೆಣಿಕೆಯ ಮನೆ. ಅಧ್ಯಕ್ಷರಿಲ್ಲ, ಬ್ಯಾನರಿಲ್ಲ. ಶುಕ್ರವಾರ ಮಧ್ಯಾಹ್ನ ನೇನಿಯ ಬಾಗಿಲು ತೆರೆದಿರುತ್ತಿತ್ತು, ಅಷ್ಟೆ. ದೂರದ ಫಹಾಹೀಲ್‌ನವರೂ ಬಂದು ಕೂರುತ್ತಿದ್ದರು. ಊಟಕ್ಕೆ ಗುಯಾಶ್ ಎಂಬ ದನದ ಮಾಂಸದ ಸಾರು. ಬಣ್ಣ ನಮ್ಮ ಬ್ಯಾಡಗಿ ಮೆಣಸಿನದೇ, ಖಾರವನ್ನು ಮಾತ್ರ ದುರ್ಬೀನು ಹಾಕಿ ಹುಡುಕಬೇಕು.

ನನ್ನ ಗಂಡ ವಿಲ್ಫ್ರೆಡ್‌ಗೆ ಸಬ್ಹಾನ್‌ನ ಗೋದಾಮಿನಲ್ಲಿ ಶುಕ್ರವಾರವೂ ಕೆಲಸ. ಆ ಮೊದಲ ವರ್ಷ ಊರಿಗೆ ಹೊರಡುತ್ತೇನೆಂದು ಪೆಟ್ಟಿಗೆ ತುಂಬಿ ಕೂತದ್ದೆಷ್ಟೋ ಸಲ. ಅವರ ಭಾಷೆಯ ಒಂದು ಮಾತೂ ಅರ್ಥವಾಗದಿದ್ದರೂ ನೇನಿಯ ಊಟದ ಮೇಜಿನ ಮೂಲೆ ನನ್ನನ್ನು ಉಳಿಸಿತು. ಹೂ ಒಯ್ದಾಗಲೆಲ್ಲ ಎಣಿಸಿ ಹನ್ನೊಂದೇ ಒಯ್ದೆ. ಮಲ್ಲಿಗೆಯನ್ನು ಚೆಂಡಿನ ಲೆಕ್ಕದಲ್ಲಿ ಕೊಳ್ಳುವ ಊರಿನವಳು ನಾನು, ಹೂ ಎಣಿಸುವುದನ್ನು ಕಲಿತದ್ದು ಇಲ್ಲಿ.

ಕಳೆದ ವರ್ಷ ಕಾಯಿಲೆ ಬಿದ್ದಾಗ ನೇನಿಗೆ ಇದ್ದದ್ದು ಒಂದೇ ಚಿಂತೆ. "ನನ್ನ ಬಾಗಿಲು ಮುಚ್ಚಿದರೆ ಇವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅವರವರ ಮನೆಯಲ್ಲಿ ಒಬ್ಬೊಬ್ಬರೇ ಕೂತು ಉಣ್ಣುತ್ತಾರೆ," ಎಂದರು. ಅವರು ಹೇಳಿದ್ದು ನಿಜವಾಗಿತ್ತು.

ಅವರು ತೀರಿಕೊಂಡ ಮೇಲೆ ನೆನಪಿನ ಸಭೆ ಆ ಮನೆಯಲ್ಲೇ ನಡೆಯಿತು. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕಿತ್ತು. ನಾನು ಅವರ ಫೋಟೋದ ಮುಂದೆ ಹೂ ಇಟ್ಟೆ. ಶುಕ್ರವಾರದ ಊಟಕ್ಕೆ ಬರುವ ಕತಲಿನ್, ನನ್ನದೇ ವಯಸ್ಸಿನವಳು, ಮೆಲ್ಲಗೆ ತೋಳು ಹಿಡಿದು "ಹನ್ನೊಂದು ಇದೆ," ಎಂದಳು. ಆರು ವರ್ಷದ ಅಭ್ಯಾಸ. ಅವರು ಸತ್ತದ್ದು ನನ್ನ ಕೈಗೆ ಇನ್ನೂ ಗೊತ್ತಾಗಿರಲಿಲ್ಲ. ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು. ಒಂದು ಹೂವನ್ನು ನಾನೇ ಎಳೆದುಕೊಂಡೆ.

ಹೊರಡುವಾಗ ಎಲ್ಲರೂ ಬಾಗಿಲಲ್ಲಿ ನಿಂತೇ ಇದ್ದರು. ಮುಂದಿನ ಶುಕ್ರವಾರದ ಮಾತನ್ನು ಯಾರೂ ಎತ್ತಲಿಲ್ಲ.

"ನಮ್ಮ ಮನೆ ಇಲ್ಲೇ ಮೇಲಿದೆ," ಎಂದೆ. "ಗುಯಾಶ್ ಮಾಡಲು ಬರುವುದಿಲ್ಲ. ಕೋರಿ ರೊಟ್ಟಿ ಮಾಡುತ್ತೇನೆ, ಖಾರ ಕಡಿಮೆ ಹಾಕಿ."

"ಎಷ್ಟು ಗಂಟೆಗೆ?" ಎಂದಳು ಕತಲಿನ್.

ಅಂದಿನಿಂದ ಬರುತ್ತಿದ್ದಾರೆ. ಖಾರಕ್ಕೆ ಕಣ್ಣೀರು ಸುರಿಸುತ್ತ ಎರಡನೇ ಸಲ ಬಡಿಸಿಕೊಳ್ಳುತ್ತಾರೆ. "ನಮ್ಮ ಸಂಘದವರು ಕೇಳಿದರೆ ನೀನು ಯಾವ ದೇಶದವಳು ಅಂತ ಹೇಳಬೇಕು ಮಾರಾಯ್ತಿ?" ಎಂದು ವಿಲ್ಫ್ರೆಡ್ ತಮಾಷೆ ಮಾಡುತ್ತಾರೆ.

ಈ ಸಲ ರಜೆಯಲ್ಲಿ ಊರಿಗೆ ಹೋದಾಗ ಅಮ್ಮನ ಗೋರಿಗೆ ಸೇವಂತಿಗೆ ಒಯ್ದೆ. ಎಣಿಸಿ ನೋಡಿದೆ, ಹನ್ನೊಂದಿತ್ತು. ಹತ್ತನ್ನು ಇಟ್ಟು ಒಂದನ್ನು ಕೈಯಲ್ಲೇ ಹಿಡಿದೆ.

"ಅದೊಂದನ್ನು ಯಾಕೆ ಬಿಟ್ಟದ್ದು, ಅಕ್ಕ?" ಎಂದು ತಂಗಿ ಕೇಳಿದಳು.

"ಇದು ನನಗೆ," ಎಂದೆ. "ಶುಕ್ರವಾರದೊಳಗೆ ನಾನು ವಾಪಸು ಹೋಗಬೇಕಲ್ಲ."